ಕಾಯಿಲೋವರ್ ಹಾಕಿಸಿದ ಮೇಲೆ ಪಿಕಪ್ ಇನ್ನೂ ಗಟ್ಟಿಯಾಯಿತೇ? ದೋಷ ಹುಡುಕುವ ಕ್ರಮ

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳಲ್ಲಿ ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ನಂಥ ಗಾಡಿಗಳು ಈಗ ಅಪರೂಪವಲ್ಲ. ಬೆಳಿಗ್ಗೆ ತೋಟದ ಕಲ್ಲುದಾರಿ, ಮಧ್ಯಾಹ್ನ ಚಾರ್ಮಾಡಿ ಘಾಟಿ, ಸಂಜೆ ಹೆದ್ದಾರಿ. ಮೂರಕ್ಕೂ ಒಂದೇ ಗಾಡಿ ಒಗ್ಗಬೇಕು. ಹಾಗಾಗಿ ಕಂಪನಿಯ ಶಾಕ್ (ಶಾಕ್ ಅಬ್ಸಾರ್ಬರ್) ಬಿಚ್ಚಿಸಿ, ಎತ್ತರವನ್ನೂ ಬಿಗಿಯನ್ನೂ ಹೊಂದಿಸಿಕೊಳ್ಳಬಹುದಾದ, ಶಾಕ್ ಮತ್ತು ಸ್ಪ್ರಿಂಗ್ ಒಂದೇ ಆಗಿರುವ ಕಾಯಿಲೋವರ್ ಹಾಕಿಸುವವರು ಹೆಚ್ಚಾಗಿದ್ದಾರೆ. ಹಾಕಿಸಿದ ಮೇಲೆ ಬಹಳ ಜನರ ದೂರು ಒಂದೇ: "ಇಷ್ಟು ದುಡ್ಡು ಸುರಿದೆ, ಗಾಡಿ ಮೊದಲಿಗಿಂತ ಗಟ್ಟಿಯಾಯ್ತಲ್ಲ!"

ಹೀಗೆ ದೂರು ಬಂದ ಗಾಡಿಗಳಲ್ಲಿ ಕಾಯಿಲೋವರ್ ಕೆಟ್ಟಿರುವುದು ಅಪರೂಪ. ಮುಂಭಾಗವನ್ನು ಅಗತ್ಯಕ್ಕಿಂತ ಹೆಚ್ಚು ಎತ್ತಿರುತ್ತಾರೆ. ಇಲ್ಲವೇ ಕೀಲುಗಳ ರಬ್ಬರ್ ಬುಷ್‌ಗಳನ್ನು ಚಕ್ರ ನೇತಾಡುತ್ತಿರುವಾಗಲೇ ಬಿಗಿದಿರುತ್ತಾರೆ. ಇಲ್ಲವೇ ಗಾಡಿಯ ತೂಕಕ್ಕೆ ಹೊಂದದ ಸ್ಪ್ರಿಂಗ್ ಕೂತಿರುತ್ತದೆ. ಇವನ್ನು ಸರಿಪಡಿಸದೆ ಶಾಕ್‌ನ ಬಿಗಿ ಹೊಂದಿಸುವ ನಾಬ್ ತಿರುಗಿಸುತ್ತಾ ಕೂತರೆ ಎಷ್ಟು ದಿನ ತಿರುಗಿಸಿದರೂ ಗಾಡಿ ಮೆತ್ತಗಾಗುವುದಿಲ್ಲ. ಆದ್ದರಿಂದ ಈ ಕೈಪಿಡಿಯಲ್ಲಿ ನಾಬ್ ಕೊನೆಗೆ ಬರುತ್ತದೆ.

ಇಲ್ಲಿ ಹೇಳುವುದೆಲ್ಲ ಮುಂದೆ ಡಬಲ್ ವಿಶ್‌ಬೋನ್ (ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುವ ಜೋಡಣೆ) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಪ್ಲೇಟ್ ಸೆಟ್ (ಕಮಾನು ಪಟ್ಟಿಗಳ ಸ್ಪ್ರಿಂಗ್) ಇರುವ ಗಾಡಿಗಳಿಗೆ. ವಿ-ಕ್ರಾಸ್, ಹೈಲಕ್ಸ್ ಎರಡೂ ಇದೇ ಜಾತಿ.

ಕೆಲಸಕ್ಕೆ ಕೈ ಹಾಕುವ ಮುನ್ನ

ಕಾಯಿಲೋವರ್ ಎಂದರೆ ಶಾಕ್ ಮತ್ತು ಅದರ ಸುತ್ತ ಕೂತ ಕಾಯಿಲ್ ಸ್ಪ್ರಿಂಗ್, ಎರಡೂ ಸೇರಿ ಒಂದೇ ಘಟಕ. ಶಾಕ್‌ನ ಹೊರಮೈಯಲ್ಲಿ ಮರೆ (ಬೋಲ್ಟಿಗೆ ಇರುವಂಥ ಸುತ್ತುಸಾಲು) ಕೊರೆದಿರುತ್ತದೆ. ಆ ಮರೆಯ ಮೇಲೆ ತಿರುಗುವ ಕಾಲರ್‌ಗೆ ಸ್ಪ್ರಿಂಗಿನ ಒಂದು ತುದಿ ಆನಿಕೊಂಡಿರುತ್ತದೆ. ಬಹಳಷ್ಟು ಮಾದರಿಗಳಲ್ಲಿ ಶಾಕ್‌ನ ತುದಿಯಲ್ಲೋ ಪಕ್ಕದ ಡಬ್ಬಿಯಲ್ಲೋ ಕ್ಲಿಕ್ ಕ್ಲಿಕ್ ಎಂದು ತಿರುಗುವ ನಾಬ್ ಇರುತ್ತದೆ.

ಗಾಡಿಯಿಂದ ಕೆಳಗಿಳಿಸಿಟ್ಟಿದ್ದರೂ ಕಾಯಿಲೋವರ್‌ನ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ. ಪ್ರತಿ ಮಿಲಿಮೀಟರಿಗೆ 100 ನ್ಯೂಟನ್ ಬಲ ಬೇಡುವ ಸ್ಪ್ರಿಂಗನ್ನು 50 ಮಿ.ಮೀ. ಒತ್ತಿ ಕೂರಿಸಿದ್ದರೆ ಅದರಲ್ಲಿ 5000 ನ್ಯೂಟನ್, ಅಂದರೆ ಸುಮಾರು 500 ಕೆ.ಜಿ. ಭಾರದಷ್ಟು ಬಲ ಅಡಗಿದೆ. ಶಾಕ್‌ನ ನೆತ್ತಿಯ ನಡುವಿನ ನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಜೀವಕ್ಕೇ ಅಪಾಯ. ಈ ಕೈಪಿಡಿಯ ಯಾವ ಹಂತಕ್ಕೂ ಆ ನಟ್ ಬಿಚ್ಚಬೇಕಾಗಿಲ್ಲ. ಗಾಡಿಯ ಕೆಳಗೆ ಹೋಗುವಾಗ ಜ್ಯಾಕ್ ನಂಬಬೇಡಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೈ ಒಳಗೆ ಹಾಕಿ.

ಒಂದು ಟೇಪು, ಒಂದು ಸಣ್ಣ ನೋಟ್‌ಬುಕ್, ಮಕ್ಕಳು ಆಡುವ ಬಣ್ಣದ ಜೇಡಿ, ನಂಬಿಕಸ್ಥ ಗಾಳಿ ಗೇಜು, ಟಾರ್ಕ್ ರೆಂಚ್ ಜೊತೆಗಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿ, ಬರೆದಿಡಿ. ಗಾಳಿಯನ್ನೂ ಕಾಲರನ್ನೂ ನಾಬನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಯಾರೂ ಹೇಳಲಾರರು.

ಮೊದಲು ಗಾಳಿ, ಆಮೇಲೆ ತೂಕ

ಟಯರ್ ಕೂಡ ಒಂದು ಸ್ಪ್ರಿಂಗೇ. ಗುಂಡಿಯ ಅಂಚು ಮೊದಲು ತಾಕುವುದು ಅದಕ್ಕೆ. ಬಂಕಿನಲ್ಲಿ ದೊಡ್ಡ ಗಾಡಿ ಕಂಡರೆ 40 ಪಿಎಸ್‌ಐ ತುಂಬಿ ಕಳಿಸುವುದು ರೂಢಿಯಾಗಿದೆ. ಡ್ರೈವರ್ ಬಾಗಿಲಿನ ಕಂಬದ ಮೇಲಿರುವ ಸ್ಟಿಕ್ಕರ್ ನೋಡಿ. ಅದರಲ್ಲಿ ಖಾಲಿ ಗಾಡಿಗೂ ತುಂಬಿದ ಗಾಡಿಗೂ ಬೇರೆ ಬೇರೆ ಅಂಕಿ ಕೊಟ್ಟಿದ್ದರೆ ನಿಮ್ಮ ದಿನನಿತ್ಯದ ಹೊರೆಗೆ ಹತ್ತಿರವಾದದ್ದನ್ನು ಹಿಡಿಯಿರಿ. ಬೆಳಿಗ್ಗೆ ಗಾಡಿ ಓಡಿಸುವ ಮುನ್ನ, ಟಯರ್ ತಣ್ಣಗಿದ್ದಾಗ ಅಳೆಯಿರಿ. ಕಾಯಿಲೋವರ್ ಜೊತೆಗೆ ದಪ್ಪ ಗೋಡೆಯ ಆಫ್‌ರೋಡ್ ಟಯರನ್ನೂ ಹಾಕಿಸಿದ್ದರೆ ಆ ಗಟ್ಟಿತನದಲ್ಲಿ ಟಯರಿನ ಪಾಲು ದೊಡ್ಡದು. ಸಣ್ಣ ಸಣ್ಣ ಜಲ್ಲಿಯ ಮೇಲೂ ಸ್ಟೀರಿಂಗ್ ನಡುಗಿ, ದೊಡ್ಡ ಹಂಪ್ಸ್ ಮಾತ್ರ ಸಲೀಸಾಗಿ ದಾಟುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಟಯರನ್ನೇ.

ತೂಕದ ವಿಚಾರ ಇನ್ನೂ ಮುಖ್ಯ. ಪಿಕಪ್‌ಗಳಿಗೆ ಸಿಗುವ ಸ್ಪ್ರಿಂಗ್‌ಗಳಲ್ಲಿ ಹಲವು ಆಸ್ಟ್ರೇಲಿಯಾ, ಥಾಯ್ಲೆಂಡ್ ಮಾರುಕಟ್ಟೆಯನ್ನು ನೋಡಿ ತಯಾರಾದವು. ಅಲ್ಲಿ ಮುಂದೆ ಉಕ್ಕಿನ ಬುಲ್ ಬಾರ್, ಅದರೊಳಗೆ ವಿಂಚ್ ಇರುವುದು ಸಾಮಾನ್ಯ. ಅಷ್ಟು ಹೆಚ್ಚುವರಿ ತೂಕ ಹೊರಲೆಂದೇ ಸ್ಪ್ರಿಂಗನ್ನು ಬಿಗಿ ಮಾಡಿರುತ್ತಾರೆ. ನಮ್ಮಲ್ಲಿ 2017ರ ಡಿಸೆಂಬರ್‌ನಲ್ಲೇ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಬುಲ್ ಬಾರ್ ಹಾಕಿದ ಗಾಡಿಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಸೂಚಿಸಿತು. ಬಾರ್ ಇಲ್ಲದ ಮೂತಿಗೆ ಬಾರ್ ಹೊರುವ ಸ್ಪ್ರಿಂಗ್ ಕೂತರೆ ಗಾಡಿ ಎತ್ತರಕ್ಕೂ ನಿಲ್ಲುತ್ತದೆ, ಗಟ್ಟಿಯೂ ಆಗುತ್ತದೆ.

ಇದನ್ನು ಲೆಕ್ಕದಲ್ಲೇ ನೋಡಬಹುದು. ಒಂದು ಮುಂಚಕ್ರದ ಮೇಲೆ 500 ಕೆ.ಜಿ. ಇದೆ ಎಂದುಕೊಳ್ಳಿ. ಸ್ಪ್ರಿಂಗ್ ಮಿಲಿಮೀಟರಿಗೆ 100 ನ್ಯೂಟನ್‌ನದು. ಲೋವರ್ ಆರ್ಮ್‌ನ ನಡುವೆ ಎಲ್ಲೋ ಶಾಕ್ ಕೂತಿರುವುದರಿಂದ ಚಕ್ರ 10 ಮಿ.ಮೀ. ಏರಿದರೆ ಶಾಕ್ 5.5 ಮಿ.ಮೀ. ಮಾತ್ರ ಒತ್ತುತ್ತದೆ ಎನ್ನೋಣ. ಈ ಅನುಪಾತದ ವರ್ಗವನ್ನು ಸ್ಪ್ರಿಂಗಿನ ಬಲಕ್ಕೆ ಗುಣಿಸಿದರೆ ಚಕ್ರದ ಲೆಕ್ಕದಲ್ಲಿ ಸ್ಪ್ರಿಂಗ್ ಸುಮಾರು 30 ನ್ಯೂಟನ್‌ಗೆ ಇಳಿಯುತ್ತದೆ. ಆಗ ಗಾಡಿಯ ಮೂತಿ ಸೆಕೆಂಡಿಗೆ 1.23 ಸಲ ತೂಗುತ್ತದೆ. ಅದೇ ಜಾಗದಲ್ಲಿ 120 ನ್ಯೂಟನ್‌ನ ಸ್ಪ್ರಿಂಗ್ ಕೂತರೆ ತೂಗಾಟ 1.35ಕ್ಕೆ ಏರುತ್ತದೆ. ಅಂಕಿಯಲ್ಲಿ ಸಣ್ಣ ವ್ಯತ್ಯಾಸ, ಆದರೆ ಸೀಟಿನಲ್ಲಿ ಕೂತವರ ಸೊಂಟಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಸ್ಪ್ರಿಂಗ್ ಮೇಲೆ ಅಂಟಿಸಿದ ಅಥವಾ ಅಚ್ಚೊತ್ತಿದ ನಂಬರ್ ಬರೆದುಕೊಂಡು, ಅದು ಎಷ್ಟು ಹೆಚ್ಚುವರಿ ತೂಕಕ್ಕೆ ಮಾಡಿದ್ದು ಎಂದು ಮಾರಿದವರನ್ನು ಕೇಳಿ. ತಪ್ಪು ಸ್ಪ್ರಿಂಗ್ ಆಗಿದ್ದರೆ ಬದಲಿಸುವುದೊಂದೇ ದಾರಿ. ಬಿಗಿ ಸ್ಪ್ರಿಂಗಿನ ಗಟ್ಟಿತನ ಕ್ಲಿಕ್ಕಿನಿಂದ ಕಡಿಮೆಯಾಗುವುದಿಲ್ಲ.

ತಿರುಚಿಕೊಂಡ ಬುಷ್

ಹೆಚ್ಚು ಜನ ನೋಡದೇ ಬಿಡುವ ಜಾಗ ಇದು. ಕಾಯಿಲೋವರ್ ಹಾಕುವಾಗ ಗಾಡಿ ಲಿಫ್ಟಿನ ಮೇಲಿರುತ್ತದೆ, ಚಕ್ರಗಳು ಕೆಳಕ್ಕೆ ನೇತಾಡುತ್ತಿರುತ್ತವೆ. ಲೋವರ್ ಆರ್ಮ್, ಅಪ್ಪರ್ ಆರ್ಮ್‌ಗಳ ಬೋಲ್ಟನ್ನು ಅಲ್ಲೇ ಪೂರ್ತಿ ಬಿಗಿದುಬಿಟ್ಟರೆ ಒಳಗಿನ ರಬ್ಬರ್ ಬುಷ್ ಆ ನೇತಾಡುವ ಸ್ಥಿತಿಗೇ ಕಚ್ಚಿಕೊಳ್ಳುತ್ತದೆ. ಗಾಡಿ ಕೆಳಗಿಳಿದಾಗ ರಬ್ಬರು ಹಿಂಡಿದ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ. ಚಕ್ರ ಏರುವಾಗಲೆಲ್ಲ ಸ್ಪ್ರಿಂಗ್ ಜೊತೆಗೆ ಈ ರಬ್ಬರನ್ನೂ ತಿರುಚಬೇಕು. ಗಾಡಿ ಗಟ್ಟಿಯಾಗುತ್ತದೆ, ಎತ್ತರದ ಅಳತೆ ಸುಳ್ಳಾಗುತ್ತದೆ, ಬುಷ್ ಬೇಗ ಹರಿಯುತ್ತದೆ.

ಪರೀಕ್ಷೆ ಸುಲಭ. ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು, ತೋಟದಲ್ಲಾದರೆ ಕಾಫಿ ಒಣಹಾಕುವ ಕಣ ಇದ್ದೇ ಇರುತ್ತದೆ. ಗಾಡಿ ನಿಲ್ಲಿಸಿ, ಚಕ್ರದ ಮಧ್ಯದಿಂದ ಅದರ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ಆರ್ಮ್‌ಗಳ ಒಳತುದಿಯ ಬೋಲ್ಟುಗಳನ್ನೂ ಶಾಕ್‌ನ ಕೆಳಬೋಲ್ಟನ್ನೂ ಒಂದು ಸುತ್ತು ಸಡಿಲಿಸಿ. ಕೆಲವು ಗಾಡಿಗಳಲ್ಲಿ ಲೋವರ್ ಆರ್ಮ್‌ಗೆ ಅಲೈನ್‌ಮೆಂಟ್ ಹೊಂದಿಸುವ ಕ್ಯಾಮ್ ಬೋಲ್ಟ್ ಇರುತ್ತದೆ. ಸಡಿಲಿಸುವ ಮೊದಲು ಅದರ ಮೇಲೆ ಪೇಂಟಿನಿಂದ ಗುರುತು ಹಾಕಿ. ಆಮೇಲೆ ಗಾಡಿಯನ್ನು ನಾಲ್ಕಾರು ಸಲ ಮುಂದೆ ಹಿಂದೆ ತಳ್ಳಿ, ಬಾನೆಟ್ ಕಡೆ ಕುಲುಕಿಸಿ, ಮತ್ತೆ ಅಳೆಯಿರಿ. ಅಳತೆ 5 ಮಿ.ಮೀ.ಗಿಂತ ಹೆಚ್ಚು ಬದಲಾದರೆ ಬುಷ್ ತಿರುಚಿಕೊಂಡಿತ್ತು ಎಂದೇ ಅರ್ಥ. ಗಾಡಿಯ ಭಾರ ಚಕ್ರದ ಮೇಲಿರುವಾಗಲೇ, ಸರ್ವಿಸ್ ಮ್ಯಾನುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ಬಿಗಿಯಿರಿ.

ಈ ಒಂದು ಕೆಲಸದಿಂದಲೇ ಗಾಡಿ ಬದಲಾದದ್ದನ್ನು ನಾನು ನೋಡಿದ್ದೇನೆ. ಖರ್ಚು ಅರ್ಧ ಗಂಟೆಯ ಕೂಲಿ ಅಷ್ಟೇ. ಮುಂದೆ ಯಾವಾಗ ಎತ್ತರ ಬದಲಿಸಿದರೂ ಇದನ್ನು ಮತ್ತೆ ಮಾಡಬೇಕು.

ಎತ್ತರ: ಕಾಲರ್ ಮಾಡುವ ಕೆಲಸ, ಮಾಡದ ಕೆಲಸ

"ಕಾಲರ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ, ಸಡಿಲ ಮಾಡಿದರೆ ಮೆತ್ತಗಾಗುತ್ತೆ" ಎಂಬ ಮಾತು ಗ್ಯಾರೇಜುಗಳಲ್ಲಿ ದಿನಾ ಕೇಳುತ್ತದೆ. ಅದು ನಿಜವಲ್ಲ. ಸುರುಳಿಗಳ ಅಂತರ ಒಂದೇ ಸಮ ಇರುವ ಸ್ಪ್ರಿಂಗಿನ ಬಲ ಮಿಲಿಮೀಟರಿಗೆ ಎಷ್ಟೋ ಅಷ್ಟೇ. ಕಾಲರ್ ತಿರುಗಿಸಿದರೆ ಅದು ಬದಲಾಗುವುದಿಲ್ಲ. ಗಾಡಿಯ ತೂಕವೂ ಅಷ್ಟೇ ಇರುವುದರಿಂದ ಸ್ಪ್ರಿಂಗ್ ನಿಂತಾಗ ಒತ್ತುವುದೂ ಅಷ್ಟೇ. ಬದಲಾಗುವುದು ಗಾಡಿಯ ಎತ್ತರ ಮಾತ್ರ.

ಹಾಗಾದರೆ ಕಾಲರ್ ಬಿಗಿದ ಗಾಡಿ ಗಟ್ಟಿ ಅನಿಸುವುದೇಕೆ? ಶಾಕ್‌ನ ಒಟ್ಟು ಓಟಕ್ಕೆ ಮಿತಿಯಿದೆ. ಗಾಡಿ ನಿಂತಾಗ ಆ ಓಟದ ಒಂದು ಭಾಗ ಮೇಲಕ್ಕೆ, ಇನ್ನೊಂದು ಭಾಗ ಕೆಳಕ್ಕೆ ಉಳಿದಿರಬೇಕು. ಗುಂಡಿ ಬಂದಾಗ ಚಕ್ರ ಕೆಳಕ್ಕಿಳಿದು ನೆಲವನ್ನು ಹಿಂಬಾಲಿಸುವುದು ಈ ಕೆಳಗಿನ ಭಾಗದಿಂದ. ಇದನ್ನು ಡ್ರೂಪ್ ಎನ್ನುತ್ತಾರೆ. ಕಾಲರ್ ಬಿಗಿದು ಗಾಡಿ ಎತ್ತಿದಷ್ಟೂ ಡ್ರೂಪ್ ಕಡಿಮೆಯಾಗುತ್ತದೆ. ಡ್ರೂಪ್ ಮುಗಿದ ಮೇಲೆ ಚಕ್ರ ಇಳಿಯಲಾರದು, ಮೂತಿಯನ್ನೇ ಗುಂಡಿಯೊಳಕ್ಕೆ ಎಳೆದುಕೊಳ್ಳುತ್ತದೆ. ಶಾಕ್ ತನ್ನ ತುದಿಗೆ ಹೋಗಿ ಕಬ್ಬಿಣಕ್ಕೆ ಕಬ್ಬಿಣ ಬಡಿದಂತೆ 'ಠಪ್' ಎನ್ನುತ್ತದೆ. ಒಳಗೆ ಕೂತವರಿಗೆ ಇದು ಗಟ್ಟಿ ಸ್ಪ್ರಿಂಗ್ ಎಂದೇ ಅನಿಸುತ್ತದೆ.

ಡ್ರೂಪ್ ಅಳೆಯುವುದು ಹೀಗೆ. ನಿಂತ ಗಾಡಿಯಲ್ಲಿ ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಅಳತೆ ತೆಗೆದುಕೊಳ್ಳಿ. ಆಮೇಲೆ ಚಾಸಿಯಿಂದ ಎತ್ತಿ, ಎರಡೂ ಮುಂಚಕ್ರಗಳನ್ನು ಒಟ್ಟಿಗೆ ಗಾಳಿಯಲ್ಲಿ ಬಿಡಿ. ಒಂದೇ ಕಡೆ ಎತ್ತಿದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ಚಕ್ರವನ್ನು ಪೂರ್ತಿ ಇಳಿಯಲು ಬಿಡುವುದಿಲ್ಲ, ಅಳತೆ ತಪ್ಪುತ್ತದೆ. ಮತ್ತೆ ಅದೇ ಜಾಗದಲ್ಲಿ ಅಳೆಯಿರಿ. ಎರಡರ ವ್ಯತ್ಯಾಸವೇ ಡ್ರೂಪ್. ಚಕ್ರದ ಒಟ್ಟು ಓಟದ ಮೂರನೇ ಒಂದು ಭಾಗವಾದರೂ ಕೆಳಕ್ಕೆ ಉಳಿದಿರಬೇಕು ಎಂಬುದು ನಾನು ಹಿಡಿಯುವ ಲೆಕ್ಕ. ಒಟ್ಟು 200 ಮಿ.ಮೀ. ಓಟದ ಗಾಡಿಗೆ ಅದು 65–70 ಮಿ.ಮೀ. ಆಗುತ್ತದೆ. 40ಕ್ಕಿಂತ ಕಡಿಮೆ ಬಂದರೆ ಬೇರೆ ಏನನ್ನೂ ನೋಡುವ ಮೊದಲು ಗಾಡಿಯನ್ನು ಇಳಿಸಿ.

ಮೂಡಿಗೆರೆ ಕಡೆಯ ತೋಟದವರೊಬ್ಬರ ವಿ-ಕ್ರಾಸ್ ಇದಕ್ಕೆ ಒಳ್ಳೆಯ ಉದಾಹರಣೆ. ಹಂಪ್ಸ್ ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಎರಡೂ ಕಡೆ ಠಪ್ ಎಂಬ ಸದ್ದು. ಶಾಕ್ ಹೋಗಿದೆ ಎಂದು ಹೇಳಿ ಕಳಿಸಿದ್ದರಂತೆ. ಅಳೆದು ನೋಡಿದರೆ ಡ್ರೂಪ್ 35 ಮಿ.ಮೀ. ಮಾತ್ರ ಇತ್ತು. ಕಾಲರನ್ನು ಮರೆಯ ಮೇಲೆ 15 ಮಿ.ಮೀ. ಸಡಿಲಿಸಿದ್ದಕ್ಕೆ ಚಕ್ರದಲ್ಲಿ ಸುಮಾರು 27 ಮಿ.ಮೀ. ಇಳಿಯಿತು, ಡ್ರೂಪ್ 60 ದಾಟಿತು. ಸದ್ದು ನಿಂತಿತು. ನಾಬ್ ಮುಟ್ಟಲೇ ಇಲ್ಲ.

ಕಾಲರ್ ತಿರುಗಿಸುವಾಗ ಅವಸರ ಬೇಡ. ಮಳೆಗಾಲ ಕಳೆದ ತೋಟದ ಗಾಡಿಯಲ್ಲಿ ಮರೆಯ ಸಾಲಿನೊಳಗೆ ಕೆಂಪು ಮಣ್ಣು ಒಣಗಿ ಇಟ್ಟಿಗೆಯಾಗಿರುತ್ತದೆ. ನೀರು ಹೊಡೆದು, ಪ್ಲಾಸ್ಟಿಕ್ ಬ್ರಷ್ಷಿನಿಂದ ಒಂದೊಂದೇ ಸಾಲು ಉಜ್ಜಿ ತೆಗೆದು, ಒಣಗಿಸಿ, ಸ್ವಲ್ಪ ಆಯಿಲ್ ಹಾಕಿ. ತಂತಿ ಬ್ರಷ್ ಬೇಡ, ಅಲ್ಯೂಮಿನಿಯಂ ಮರೆ ಗೀರಿ ಹೋಗುತ್ತದೆ. ಚಕ್ರ ನೇತಾಡುತ್ತಿರುವಾಗಲೇ ತಿರುಗಿಸಿ, ಭಾರ ಇದ್ದಾಗ ತಿರುಗಿಸಿದರೆ ಮರೆ ಕಚ್ಚಿಕೊಳ್ಳುತ್ತದೆ. ಮೊದಲು ಲಾಕ್ ರಿಂಗ್ ಅಥವಾ ಸಣ್ಣ ಅಲೆನ್ ಸ್ಕ್ರೂ ಸಡಿಲಿಸಬೇಕು. ಎಷ್ಟು ಸುತ್ತು ಎಂದು ಎಣಿಸುವುದಕ್ಕಿಂತ ಕಾಲರಿನ ಕೆಳಗೆ ಕಾಣುವ ಮರೆಯ ಉದ್ದ ಅಳೆಯುವುದೇ ಒಳ್ಳೆಯದು, ಏಕೆಂದರೆ ಒಂದು ಸುತ್ತಿಗೆ ಎಷ್ಟು ಏರುತ್ತದೆ ಎಂಬುದು ಒಂದೊಂದು ಮಾದರಿಗೆ ಒಂದೊಂದು ಥರ. ಸಡಿಲಿಸುವುದಕ್ಕೂ ಮಿತಿಯಿದೆ. ಚಕ್ರ ಪೂರ್ತಿ ನೇತಾಡುವಾಗ ಸ್ಪ್ರಿಂಗ್ ಕೈಯಲ್ಲಿ ಅಲುಗಾಡುವಂತಾದರೆ ಅತಿಯಾಯಿತು, ಅದು ತನ್ನ ಸೀಟು ಬಿಟ್ಟು ಜಾರಬಹುದು.

ಎಡ ಬಲ ಎತ್ತರದಲ್ಲಿ ವ್ಯತ್ಯಾಸ ಕಂಡರೆ ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಅರ್ಧ ಟ್ಯಾಂಕ್ ಡೀಸೆಲ್ ಇಟ್ಟು ಅಳೆಯಿರಿ. 5 ಮಿ.ಮೀ. ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಉಬ್ಬು ಹತ್ತಿದಾಗ ಬಡಿಯುತ್ತಿದೆಯೇ, ಇಳಿದಾಗಲೇ?

ಮೇಲಿನ ಉದಾಹರಣೆಯ ಸದ್ದು ಇಳಿಯುವಾಗಿನದು. ಇದಕ್ಕೆ ವಿರುದ್ಧವಾಗಿ, ಹಂಪ್ಸ್ ಹತ್ತುವಾಗ ಅಥವಾ ಗುಂಡಿಯ ಆಚೆ ದಡಕ್ಕೆ ಚಕ್ರ ಗುದ್ದಿದಾಗ ದೇಹಕ್ಕೇ ಹೊಡೆತ ಬಿದ್ದಂತಾದರೆ ಶಾಕ್ ಪೂರ್ತಿ ಒತ್ತಿ, ಓಟದ ಕೊನೆಯಲ್ಲಿ ತಡೆಯುವ ರಬ್ಬರಾದ ಬಂಪ್ ಸ್ಟಾಪ್‌ಗೆ ತಾಕುತ್ತಿರಬಹುದು. ಕಿವಿಯನ್ನು ಮಾತ್ರ ನಂಬಬೇಡಿ. ಬಂಪ್ ಸ್ಟಾಪಿನ ರಬ್ಬರಿನ ತುದಿಗೆ ಹೆಬ್ಬೆರಳ ಗಾತ್ರದ ಬಣ್ಣದ ಜೇಡಿ ಅಂಟಿಸಿ, ನಿಮ್ಮ ಮಾಮೂಲು ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಜೇಡಿ ಹಾಗೆಯೇ ಇದ್ದರೆ ಅಲ್ಲಿಯವರೆಗೆ ಹೋಗಿಲ್ಲ. ತೆಳ್ಳಗೆ ಚಪ್ಪಟೆಯಾಗಿದ್ದರೆ ಚೆನ್ನಾಗಿಯೇ ತಾಕಿದೆ. ದೊಡ್ಡ ಗುಂಡಿಯಲ್ಲಿ ಅಪರೂಪಕ್ಕೆ ತಾಕುವುದು ದೋಷವಲ್ಲ, ಬಂಪ್ ಸ್ಟಾಪ್ ಇರುವುದೇ ಅದಕ್ಕೆ. ದಿನಾ ಓಡಾಡುವ ದಾರಿಯಲ್ಲೇ ತಾಕುತ್ತಿದ್ದರೆ ಎತ್ತರ ಕಡಿಮೆಯಾಗಿದೆ, ಸ್ಪ್ರಿಂಗ್ ಮೆತ್ತಗಾಗಿದೆ ಅಥವಾ ಕಂಪ್ರೆಷನ್ (ಶಾಕ್ ಒತ್ತುವಾಗಿನ ತಡೆ) ತೀರಾ ತೆರೆದಿದೆ, ಅಂದರೆ ಸಡಿಲವಾಗಿದೆ. ಈ ಮೂರರಲ್ಲಿ ಎತ್ತರವನ್ನೇ ಮೊದಲು ನೋಡಿ.

ಈಗ ನಾಬ್: ಮೊದಲು ರಿಬೌಂಡ್

ಒತ್ತಿದ ಸ್ಪ್ರಿಂಗ್ ವಾಪಸ್ ಚಿಮ್ಮುವುದನ್ನು ತಡೆಯುವುದು ರಿಬೌಂಡ್, ಒತ್ತುವಾಗಲೇ ತಡೆಯುವುದು ಕಂಪ್ರೆಷನ್. ಒಂದೇ ನಾಬ್ ಇದ್ದರೆ ಅದು ರಿಬೌಂಡ್ ಮಾತ್ರ ಬದಲಿಸುತ್ತದೆಯೋ ಎರಡನ್ನೂ ಒಟ್ಟಿಗೆ ಬದಲಿಸುತ್ತದೆಯೋ ಎಂಬುದನ್ನು ತಯಾರಕರ ಪುಸ್ತಿಕೆಯಲ್ಲಿ ನೋಡಿಕೊಳ್ಳಿ.

ನಾಬ್ ಮುಚ್ಚಿದಷ್ಟೂ ತಡೆ ಹೆಚ್ಚು, ತೆರೆದಷ್ಟೂ ಕಡಿಮೆ. ಕ್ಲಿಕ್ ಎಣಿಸುವುದು ಯಾವಾಗಲೂ ಪೂರ್ತಿ ಮುಚ್ಚಿದ ಕಡೆಯಿಂದ. ನಾಬನ್ನು ಗಡಿಯಾರದ ದಿಕ್ಕಿಗೆ ಎರಡು ಬೆರಳಲ್ಲಿ ಹಗುರವಾಗಿ ತಿರುಗಿಸಿ. ನಿಂತ ಕಡೆ ನಿಲ್ಲಿಸಿ, ಒತ್ತಿ ಬಿಗಿದರೆ ಒಳಗಿನ ಸೂಜಿ ಹಾಳಾಗುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಎಡದಲ್ಲಿ 8 ಇದ್ದು ಬಲದಲ್ಲಿ 11 ಸಿಕ್ಕರೆ ಅದೇ ಒಂದು ದೋಷ, ಮೊದಲು ಎರಡನ್ನೂ ಸಮ ಮಾಡಿ. ಹೊಂದಿಸುವ ಮೊದಲು 10–15 ಕಿ.ಮೀ. ಓಡಿಸಿ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನ ಚಳಿಗೆ ಮಂದವಾಗಿರುವ ಶಾಕ್ ಆಯಿಲ್, ಬಿಸಿಯಾದ ಮೇಲೆ ಬೇರೆಯೇ ವರ್ತಿಸುತ್ತದೆ.

ರಿಬೌಂಡ್ ತೀರಾ ತೆರೆದಿದ್ದರೆ ಹಂಪ್ಸ್ ದಾಟಿದ ಮೇಲೆ ಮೂತಿ ಎದ್ದು, ಕೂತು, ಮತ್ತೆ ಏಳುತ್ತದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ವಾಂತಿ ಬರುವಂಥ ತೇಲಾಟ ಇದೇ. ಬಾನೆಟ್ ಒತ್ತಿ ನೋಡುವ ಹಳೆಯ ಪರೀಕ್ಷೆ ಇಷ್ಟು ಭಾರದ ಗಾಡಿಗೆ ಸಾಲದು. ಗುಂಡಗಿನ ಒಂದು ಹಂಪ್ಸ್ ಹುಡುಕಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯ ಪ್ರಕಾರ ಸರಿಯಾಗಿ ಕಟ್ಟಿದ ಹಂಪ್ಸ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇದ್ದು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ತಕ್ಕದ್ದು. ಅಂಥದ್ದೊಂದು ಸಿಕ್ಕರೆ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಗಂಟೆಗೆ 25ರಲ್ಲಿ ದಾಟಿ, ಇನ್ನೊಬ್ಬರಿಗೆ ಪಕ್ಕದಲ್ಲಿ ನಿಂತು ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿಯಲು ಹೇಳಿ. ಮೂತಿ ಒಮ್ಮೆ ಎದ್ದು, ತನ್ನ ಎತ್ತರಕ್ಕೆ ಬಂದು ನಿಂತರೆ ಸರಿ. ಎರಡನೇ ಸಲ ತಗ್ಗಿದರೆ ರಿಬೌಂಡ್ 2 ಕ್ಲಿಕ್ ಮುಚ್ಚಿ ಮತ್ತೆ ನೋಡಿ.

ತೀರಾ ಮುಚ್ಚಿದ ರಿಬೌಂಡನ್ನು ಗುರುತಿಸುವುದು ಕಷ್ಟ, ಆದರೆ 'ಗಟ್ಟಿ' ಎಂಬ ದೂರಿನ ಹಿಂದೆ ಇದು ಬಹಳ ಸಲ ಇರುತ್ತದೆ. ಒಂದರ ಹಿಂದೆ ಒಂದು ಉಬ್ಬು ಬಂದಾಗ, ಮೊದಲ ಉಬ್ಬಿಗೆ ಒತ್ತಿದ ಶಾಕ್ ಪೂರ್ತಿ ಚಾಚಿಕೊಳ್ಳುವ ಮೊದಲೇ ಎರಡನೆಯದು ಬರುತ್ತದೆ. ಮೂರನೆಯದಕ್ಕೆ ಇನ್ನಷ್ಟು ಒತ್ತುತ್ತದೆ. ಹೀಗೆ ಮೂತಿ ಕುಸಿಯುತ್ತಾ ಹೋಗಿ ಕೊನೆಗೆ ಬಂಪ್ ಸ್ಟಾಪಿನ ಮೇಲೇ ಓಡುತ್ತದೆ. ಹೆದ್ದಾರಿಯಲ್ಲಿ ಊರು ಬರುವ ಮುನ್ನ ಹಾಕಿರುವ ದಪ್ಪ ಬಿಳಿ ರಂಬಲ್ ಪಟ್ಟಿಗಳು ಇದನ್ನು ತೋರಿಸಿಕೊಡುತ್ತವೆ. ಮೊದಲ ಎರಡು ಪಟ್ಟಿ ಸಲೀಸಾಗಿದ್ದು, ಆಮೇಲಿನವು ಒಂದಕ್ಕಿಂತ ಒಂದು ಒರಟಾಗುತ್ತಾ ಹೋದರೆ ರಿಬೌಂಡ್ 2 ಕ್ಲಿಕ್ ತೆರೆಯಿರಿ. ಮೊದಲ ಪಟ್ಟಿಯಿಂದಲೇ ಒಂದೇ ಸಮ ಒರಟಾಗಿದ್ದರೆ ಅದು ಟಯರ್ ಗಾಳಿ ಅಥವಾ ಕಂಪ್ರೆಷನ್.

ಕಂಪ್ರೆಷನ್

ಕಂಪ್ರೆಷನ್‌ಗೇ ಎರಡು ನಾಬ್ ಇರುವ ದುಬಾರಿ ಮಾದರಿಗಳಲ್ಲಿ ಲೋ ಸ್ಪೀಡ್, ಹೈ ಸ್ಪೀಡ್ ಎಂದು ಬರೆದಿರುತ್ತದೆ. ಇದು ಗಾಡಿಯ ವೇಗವಲ್ಲ, ಶಾಕ್‌ನ ಕಂಬಿ ಒಳಗೆ ಹೋಗುವ ವೇಗ. ಘಾಟಿಯ ತಿರುವಿನಲ್ಲಿ ಗಾಡಿ ವಾಲುವುದು, ಬ್ರೇಕ್ ಹಾಕಿದಾಗ ಮೂತಿ ತಗ್ಗುವುದು ನಿಧಾನದ ಚಲನೆ, ಅವಕ್ಕೆ ಲೋ ಸ್ಪೀಡ್. ಗಂಟೆಗೆ 20ರಲ್ಲಿ ಹೋಗುತ್ತಿದ್ದರೂ ಗುಂಡಿಯ ಚೂಪು ಅಂಚಿಗೆ ಚಕ್ರ ಗುದ್ದಿದರೆ ಅದು ಹೈ ಸ್ಪೀಡ್.

ತೋಟದ ದಾರಿಯ ಗಾಡಿಗೆ ಹೈ ಸ್ಪೀಡನ್ನು ಬಂಪ್ ಸ್ಟಾಪ್ ತಾಕದಷ್ಟು ಮಟ್ಟಿಗೆ ತೆರೆದಿಡಿ. ಲೋ ಸ್ಪೀಡನ್ನು ನಡುವಿನಲ್ಲಿ ಬಿಟ್ಟು ಚಾರ್ಮಾಡಿಯ ತಿರುವಿನಲ್ಲಿ ಎಷ್ಟು ವಾಲುತ್ತದೆ ಎಂದು ನೋಡಿ 2 ಕ್ಲಿಕ್ ಆಚೀಚೆ ಮಾಡಿ. ಇದಕ್ಕಿಂತ ಹೆಚ್ಚು ಇದರಲ್ಲಿ ಮುಳುಗಬೇಕಾಗಿಲ್ಲ.

ಕುಲುಕುತ್ತಿರುವುದು ಮುಂದೆಯೋ ಹಿಂದೆಯೋ

ಮುಂದಿನ ಕಾಯಿಲೋವರ್ ಮೇಲೆ ಬರುವ ದೂರುಗಳಲ್ಲಿ ಕೆಲವು ಹಿಂದಿನ ಪ್ಲೇಟುಗಳದ್ದು. ವಿ-ಕ್ರಾಸ್‌ನ ಮುಂದಿನ ಹಿಂದಿನ ಚಕ್ರಗಳ ನಡುವೆ 3095 ಮಿ.ಮೀ. ಅಂತರವಿದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಮುಂಚಕ್ರ ದಾಟಿದ ಉಬ್ಬು ಹಿಂಚಕ್ರಕ್ಕೆ ತಾಕಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಸಮಯ ಸಾಕು. ಎರಡೂ ಹೊಡೆತ ಸೇರಿ ಒಂದೇ ಎಂದು ಅನಿಸುತ್ತದೆ. ಬೇರ್ಪಡಿಸಬೇಕಾದರೆ ಗಂಟೆಗೆ 10 ಕಿ.ಮೀ.ಗೆ ಇಳಿಸಿ ದಾಟಿ. ಆಗ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚು ಬಿಡುವು ಸಿಗುತ್ತದೆ, ಯಾವುದು ಎತ್ತಿಹಾಕುತ್ತಿದೆ ಎಂದು ಸ್ಪಷ್ಟವಾಗುತ್ತದೆ.

ಹಿಂದೆ ಎತ್ತಿಹಾಕುತ್ತಿದ್ದರೆ 50 ಕೆ.ಜಿ.ಯ ಮೂರು ನಾಲ್ಕು ಕಾಫಿ ಚೀಲಗಳನ್ನು ಹಿಂದಿನ ಆಕ್ಸಲ್‌ನ ನೇರಕ್ಕೆ ಇಟ್ಟು ಕಟ್ಟಿ ಓಡಿಸಿ. ಸಲೀಸಾದರೆ ಪ್ಲೇಟ್ ಸೆಟ್ ನಿಮ್ಮ ಬಳಕೆಗೆ ಬಿಗಿಯಾಗಿದೆ. ಲಿಫ್ಟ್ ಕಿಟ್ ಜೊತೆಗೆ ಬರುವ ಪ್ಲೇಟುಗಳಲ್ಲಿ ಕೆಲವು ಸದಾ ಹೊರೆ ಹೊತ್ತೇ ಇರುವ ಗಾಡಿಗೆಂದು ಮಾಡಿದವು, ಖಾಲಿ ಓಡುವ ಗಾಡಿಗೆ ಅವು ಹಿಂಸೆಯೇ. ಹೊರೆ ಹಾಕಿದರೂ ವ್ಯತ್ಯಾಸವಾಗದಿದ್ದರೆ ಪ್ಲೇಟುಗಳ ನಡುವೆ ತುಕ್ಕು ಹಿಡಿದು ಒಂದರ ಮೇಲೊಂದು ಜಾರದಂತಾಗಿರಬಹುದು, ಪ್ಲೇಟನ್ನು ಚಾಸಿಗೆ ಜೋಡಿಸುವ ಶ್ಯಾಕಲ್‌ನ ಬುಷ್ ಕಚ್ಚಿಕೊಂಡಿರಬಹುದು. ಕಮಾನು ಕೆಲಸದವರ ಹತ್ತಿರ ಬಿಚ್ಚಿಸಿ, ಉಜ್ಜಿಸಿ, ಬುಷ್ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸದ್ದುಗಳು

ನಿಧಾನಕ್ಕೆ ಹೋಗುವಾಗ ಟಕ್ ಟಕ್ ಎಂದರೆ ಸ್ಟೆಬಿಲೈಸರ್ ಬಾರಿನ ತುದಿಯನ್ನು ಜೋಡಿಸುವ ಲಿಂಕ್ ರಾಡ್ ಅನುಮಾನಿಸಿ. ಎರಡೂ ಕಡೆಯ ಲಿಂಕ್ ರಾಡ್ ಬಿಚ್ಚಿ ತೆಗೆದು, ಮನೆ ಹತ್ತಿರವೇ ನಿಧಾನವಾಗಿ ಓಡಿಸಿ ನೋಡಿ. ಸದ್ದು ಹೋದರೆ ಅದೇ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎಂದರೆ ಗಾಡಿ ಎತ್ತಿದ್ದರಿಂದ ಸಿವಿ ಜಾಯಿಂಟಿನ (ಮುಂಚಕ್ರ ತಿರುಗಿಸುವ ಆಕ್ಸಲ್‌ನ ಕೀಲು) ಕೋನ ಹೆಚ್ಚಾಗಿ ಅದು ಸವೆದಿರಬಹುದು, ಅದರ ರಬ್ಬರ್ ಬೂಟು ಹರಿದು ಗ್ರೀಸ್ ಚೆಲ್ಲಿದೆಯೇ ನೋಡಿ. ಕಾಯಿಲೋವರ್‌ನ ಕೆಳತುದಿಯಲ್ಲಿ ರಬ್ಬರಿನ ಬದಲು ಉಕ್ಕಿನ ಗೋಲದ ಬೇರಿಂಗ್ ಇರುವ ಮಾದರಿಗಳು ಕೆಸರಿಗೆ ಬೇಗ ಸಡಿಲಾಗುತ್ತವೆ. ಗಾಡಿ ನಿಂತಿರುವಾಗ ಆ ಬೋಲ್ಟಿನ ಮೇಲೆ ಬೆರಳಿಟ್ಟು, ಇನ್ನೊಬ್ಬರಿಗೆ ಸ್ಟೀರಿಂಗ್ ಆಚೀಚೆ ಅಲುಗಿಸಲು ಹೇಳಿದರೆ ಸಡಿಲ ಬೆರಳಿಗೇ ತಾಕುತ್ತದೆ.

ಶಾಕ್‌ನ ಕಂಬಿಯಲ್ಲಿ ಉಗುರಿಗೆ ಸಿಗುವಂಥ ಗೀರು, ತುಕ್ಕಿನ ಚುಕ್ಕೆ, ಆಯಿಲ್ ಹರಿದು ಮಣ್ಣು ಮೆತ್ತಿಕೊಂಡಿರುವುದು ಕಂಡರೆ ಹೊಂದಿಸುವ ಕೆಲಸ ಅಲ್ಲಿಗೆ ನಿಲ್ಲಿಸಿ. ಸೀಲ್ ಹೋಗಿದೆ. ಬಿಚ್ಚಿ ರಿಪೇರಿ ಮಾಡಬಹುದಾದ ಮಾದರಿಯಾದರೆ ಸೀಲ್ ಕಿಟ್ ಹಾಕಿಸಿ ನೈಟ್ರೋಜನ್ ತುಂಬಿಸಬೇಕು, ಇಲ್ಲದಿದ್ದರೆ ಜೋಡಿಯಾಗಿಯೇ ಬದಲಿಸಬೇಕು.

ಎತ್ತರ ಬದಲಿಸಿದ ಮೇಲೆ

ಎತ್ತರ 5 ಮಿ.ಮೀ. ಬದಲಾದರೂ ಅಲೈನ್‌ಮೆಂಟ್ ಮಾಡಿಸಿ. ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು) ಮಾತ್ರ ನೋಡಿ ಕಳಿಸುವ ಅಂಗಡಿಗಳಿವೆ, ಕ್ಯಾಂಬರ್ (ಚಕ್ರದ ಪಕ್ಕದ ವಾಲು) ಮತ್ತು ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಕ್ಷದ ಹಿಂದುಮುಂದಿನ ವಾಲು) ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ. ಗಾಡಿ ಎತ್ತಿದ ಮೇಲೆ ಕ್ಯಾಸ್ಟರ್ ಕಡಿಮೆಯಾಗಿದ್ದರೆ ಹೆದ್ದಾರಿಯಲ್ಲಿ ಸ್ಟೀರಿಂಗ್ ನೇರ ನಿಲ್ಲದೆ ಅಲೆದಾಡುತ್ತದೆ. ಕಂಪನಿಯ ಅಪ್ಪರ್ ಆರ್ಮ್‌ನಲ್ಲಿ ಅದನ್ನು ಸರಿಪಡಿಸಲು ಜಾಗ ಉಳಿಯದಿದ್ದರೆ, ಕೋನ ಬದಲಿಸಿದ ಅಪ್ಪರ್ ಆರ್ಮ್ ಕೊಳ್ಳುವುದಕ್ಕಿಂತ ಗಾಡಿಯನ್ನು ಸ್ವಲ್ಪ ಇಳಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹೆಡ್‌ಲೈಟಿನ ಎತ್ತರವನ್ನೂ ಹೊಂದಿಸಿ. ಮೂತಿ ಎದ್ದ ಗಾಡಿಯ ಬೆಳಕು ಎದುರಿನವರ ಕಣ್ಣಿಗೇ ಬೀಳುತ್ತದೆ, ಘಾಟಿಯ ಮಂಜಿನಲ್ಲಿ ಅದು ಅಪಘಾತಕ್ಕೆ ದಾರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳನ್ನು ಬದಲಿಸುವುದಕ್ಕೆ ನಿರ್ಬಂಧ ಹಾಕುತ್ತದೆ. ಆದ್ದರಿಂದ ಏನು ಬದಲಿಸುವ ಮುನ್ನವೂ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ.

ನೋಟ್‌ಬುಕ್ಕಿನಲ್ಲಿ ದಿನಾಂಕ, ನಾಲ್ಕೂ ಚಕ್ರದ ಎತ್ತರ, ಡ್ರೂಪ್, ಕಾಲರಿನ ಕೆಳಗಿನ ಮರೆಯ ಉದ್ದ, ಕ್ಲಿಕ್, ತಣ್ಣಗಿರುವಾಗಿನ ಗಾಳಿ ಇಷ್ಟನ್ನು ಬರೆದಿಡಿ. 500 ಕಿ.ಮೀ. ಓಡಿದ ಮೇಲೆ ಲಾಕ್ ರಿಂಗ್, ಮೇಲಿನ ಮೌಂಟಿನ ನಟ್ಟುಗಳು ಮತ್ತು ಕೆಳಬೋಲ್ಟನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿ, ಎತ್ತರ ಮತ್ತೆ ಅಳೆಯಿರಿ. ಹೊಸ ಸ್ಪ್ರಿಂಗ್ ಅಷ್ಟರಲ್ಲಿ ಕೆಲವು ಮಿಲಿಮೀಟರ್ ಕೂತಿರುತ್ತದೆ.